ದತ್ತಪ್ಪನ ಕಾಯಿ ನಿಂತದ್ದು

ಈ ಕಥೆಯನ್ನು ಮೊದಲು ಹೇಳಿದವಳು ಕಿಣ್ಣಿ ಸುಲ್ತಾನದ ಗಂಗಾಬಾಯಿ. ಹೇಳಿದ್ದು ೨೦೨೫ರ ಪುಷ್ಯ ಮಾಸದಲ್ಲಿ, ತೊಗರಿ ರಾಶಿ ಮುಗಿದ ಮೇಲೆ, ಓಣಿಯ ಹೆಂಗಸರು ಅವಳ ಅಂಗಳದಲ್ಲಿ ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದ ಒಂದು ಮಧ್ಯಾಹ್ನ. ಜೇವರ್ಗಿಯ ಕಡೆ ಇದನ್ನೇ ಬೇರೆ ರೀತಿ ಹೇಳುವುದುಂಟು. ಅಲ್ಲಿಯ ಪಾಠದಲ್ಲಿ ಸೈಕಲ್ಲನ್ನು ಕೊಯ್ದವನು ಒಬ್ಬ ಪೊಲೀಸ. ಗಂಗಾಬಾಯಿ ಅದನ್ನು ಒಪ್ಪುವುದಿಲ್ಲ. ಆ ದಿನ ಅವಳು ಅಫಜಲಪುರದಲ್ಲಿ ಗುಂಪಿನ ನಡುವೆಯೇ ನಿಂತಿದ್ದಳು. ಅವಳ ಕಣ್ಣಿಗೆ ಕಾಣದ್ದನ್ನು ಆಮೇಲೆ ತನ್ನ ತಂಗಿ ಚಂದಮ್ಮನ ಬಾಯಿಂದ ಕೇಳಿ ತಿಳಿದಳು. ಚಂದಮ್ಮ ದತ್ತಪ್ಪನ ಹೆಂಡತಿ. ಆದ್ದರಿಂದ ಇಲ್ಲಿ ಕೊಟ್ಟಿರುವುದು ಗಂಗಾಬಾಯಿಯ ಪಾಠ.

ಸರಸಂಬಾದ ದತ್ತಪ್ಪ ನೀರು ನೋಡುವವನು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಬೋರ್ ಕೊರೆಸುವ ಮೊದಲು ಅವನನ್ನು ಕರೆಸುವುದು ವಾಡಿಕೆ. ನಾರು ಸುಲಿದು ಜುಟ್ಟು ಬಿಟ್ಟ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಾನೆ. ನೀರಿದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ನಿಂತರೆ 'ನಿಂತದ' ಅನ್ನುತ್ತಾನೆ, ಮಲಗಿದರೆ 'ಮಲಗ್ಯಾದ' ಅನ್ನುತ್ತಾನೆ. ಮೂರನೆಯ ಮಾತು ಅವನ ಬಾಯಲ್ಲಿ ಇಲ್ಲ. ಒಡಹುಟ್ಟಿದ ತಮ್ಮನ ಹೊಲದಲ್ಲಿ ಕಾಯಿ ಒಂದು ಕಡೆಯೂ ಏಳಲಿಲ್ಲ. ಹಾಗೆಂದೇ ಹೇಳಿದ. ತಮ್ಮ ಅಂದಿನಿಂದ ಅವನ ಹೊಸ್ತಿಲು ತುಳಿದಿಲ್ಲ. ಆ ಸಂಗತಿ ಮೂರು ತಾಲೂಕಿಗೂ ಗೊತ್ತು. ಜನ ಅವನ ಕೈಯನ್ನು ನಂಬಿದ್ದು ಅದರಿಂದಲೇ.

ಅವನ ಒಬ್ಬಳೇ ಮಗಳು ಭಾಗ್ಯಜ್ಯೋತಿ. ಶಾಲೆಯಲ್ಲಿ ಕೊಟ್ಟ ಸೈಕಲ್ಲಿನಿಂದ ಮೊದಲಾದ ಹುಚ್ಚು ಅವಳನ್ನು ಜಿಲ್ಲೆಯ ಪಂದ್ಯಗಳವರೆಗೆ ಕೊಂಡೊಯ್ದಿತ್ತು. ವಿಜಯಪುರದ ಹಳೆಯ ಪಟುವೊಬ್ಬರು ಅವಳ ಕಾಲಿನ ಕಸುವು ನೋಡಿ ಮೆಚ್ಚಿ, ತಾವು ಓಡಿಸುತ್ತಿದ್ದ ಸೈಕಲ್ಲನ್ನೇ ಕೊಟ್ಟುಬಿಟ್ಟಿದ್ದರು. ಅದು ಕಬ್ಬಿಣದ್ದಲ್ಲ, ಕಾರ್ಬನ್ನಿನದು. ಎರಡು ಬೆರಳಲ್ಲಿ ಎತ್ತಬಹುದು. ಬ್ರೇಕಿನ ಕೊಳವೆ, ಗೇರಿನ ತಂತಿ ಏನೂ ಹೊರಗೆ ಕಾಣದು, ಎಲ್ಲ ಅದರ ಹೊಟ್ಟೆಯೊಳಗೆ. ಹಿಡಿಕೆಯ ಮೇಲಿನ ಗುಂಡಿ ಮುಟ್ಟಿದರೆ ಗೇರು ತಾನೇ ಸರಿಯುತ್ತದೆ, ಸರಿಯುವಾಗ 'ಝೀಂ' ಎಂದು ಸಣ್ಣ ಸಪ್ಪಳ ಮಾಡುತ್ತದೆ. ಚಂದಮ್ಮ ಅದನ್ನು ನಡುಮನೆಯಲ್ಲಿ ನಿಲ್ಲಿಸಿ ಹಳೆಯ ಇಳಕಲ್ ಸೀರೆ ಹೊದಿಸುತ್ತಿದ್ದಳು.

ಕಾರ್ತಿಕದಲ್ಲಿ ಜೇವರ್ಗಿಯಿಂದ ಅಫಜಲಪುರಕ್ಕೆ ಪಂದ್ಯ ನಡೆಯಿತು. ಗೆದ್ದ ಹುಡುಗಿಯ ಹೆಸರು ರಾಜ್ಯ ತಂಡದ ಆಯ್ಕೆಗೆ ಹೋಗಬೇಕು, ಹೆಸರು ಅದೇ ಸಂಜೆಯೊಳಗೆ ತಲುಪಬೇಕು. ಆಯ್ಕೆ ಮರುದಿನವೇ ವಿಜಯಪುರದಲ್ಲಿ. ಭಾಗ್ಯಜ್ಯೋತಿಗೆ ಆ ವರ್ಷವೇ ವಯಸ್ಸಿನ ಕಡೆಯ ಅವಕಾಶ. ಇದು ತಪ್ಪಿದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಬೆಳಿಗ್ಗೆ ದತ್ತಪ್ಪ ತಾನೇ ಮನೆಯ ಬಾವಿಯ ನೀರು ಸೇದಿ ಅವಳ ಬಾಟಲಿ ತುಂಬಿ ಸೈಕಲ್ಲಿನ ನಡುಕೊಳವೆಗೆ ಸಿಕ್ಕಿಸಿದ್ದ.

ಸೊನ್ನದ ಕಡೆಯ ಏರಿನಲ್ಲಿ ಅವಳು ಎಲ್ಲರನ್ನೂ ಹಿಂದೆ ಹಾಕಿ ಒಬ್ಬಳೇ ಅಫಜಲಪುರ ಮುಟ್ಟಿದಳು. ಎರಡನೆಯವಳಾಗಿ ಬಂದ ಜೇವರ್ಗಿಯ ಪಲ್ಲವಿಗೆ ಇನ್ನೂ ಏದುಸಿರು ಇಳಿದಿರಲಿಲ್ಲ, ಅಷ್ಟರಲ್ಲಿ ಅವಳ ಅಣ್ಣ ಅಮರನಾಥ ಗುಂಪನ್ನು ಸೀಳಿಕೊಂಡು ಬಂದ.

"ಅನೀಲಣ್ಣಾ, ಹೆಸರು ಬರೀಬ್ಯಾಡ್ರಿ. ಈ ಸೈಕಲ್ಲಿನಾಗ ಮೋಟರ ಅದ."

ಅನೀಲಕುಮಾರ ಪಂದ್ಯದ ಸಮಿತಿಯ ಹಿರಿಯ, ಅಫಜಲಪುರದ ಕಾಳಿನ ವ್ಯಾಪಾರಿ. ಅವನು ನಕ್ಕ. ಅಮರನಾಥ ನಗಲಿಲ್ಲ, ಮೊಬೈಲ್ ತೆಗೆದು ತೋರಿಸಿದ. ಹೊರದೇಶದ ದೊಡ್ಡ ಪಂದ್ಯದಲ್ಲಿ ಅಧಿಕಾರಿಗಳು ಒಂದೊಂದೇ ಸೈಕಲ್ಲಿನ ಮೇಲೆ ಹಲಗೆಯಂಥ ಯಂತ್ರ ಆಡಿಸುತ್ತಿದ್ದರು, ಕೆಲವನ್ನು ಎಕ್ಸ್‌ರೇಗೆ ಒಡ್ಡುತ್ತಿದ್ದರು.

"ನೋಡ್ರಿ, ಅಲ್ಲೆಲ್ಲಾ ಕೊಳವಿ ಒಳಗ ಮೋಟರ ಮುಚ್ಚಿಟ್ಟಿರ್ತಾರಂತ ಹಿಂಗ ಹುಡುಕ್ತಾರ. ನಾ ಏನ್ ಸುಳ್ಳ ಹೇಳಾಕತ್ತೇನಿ ಏನು? ಏರಿನಾಗ ಇವಳ ಸೈಕಲ್ ಝೀಂ ಅಂದಿದ್ದು ಹಿಂದ ಬರ್ತಿದ್ದ ನಮ್ಮ ಗಾಡಿಯಾಗ ಕುಂತವರೆಲ್ಲಾ ಕೇಳ್ಯಾರ."

"ಅದು ಗೇರಿನ ಸಪ್ಪಳ ಅಣ್ಣಾ," ಎಂದಳು ಭಾಗ್ಯಜ್ಯೋತಿ. ಗುಂಡಿ ಒತ್ತಿ ತೋರಿಸಿದಳು. ಸೈಕಲ್ 'ಝೀಂ' ಎಂದಿತು.

ತೋರಿಸಿದ್ದೇ ತಪ್ಪಾಯಿತು. "ಮೋಟರ ಖರೇನೇ ಅದ!" ಎಂದು ಗುಂಪು ಗುಲ್ಲೆದ್ದಿತು. "ಹಿಂಗಿದ್ರ ನಮ್ಮ ಹೊಲಕ್ಕ ಹಚ್ಚವ್ವಾ, ನೀರರೆ ಏರಸ್ತದ!" ಎಂದು ಯಾರೋ ಕೂಗಿದ, ಜನ ಹೊಟ್ಟೆ ಹಿಡಿದು ನಕ್ಕರು.

ಅನೀಲಕುಮಾರ ಸೀಟಿನ ಸಲಾಕೆಯನ್ನು ಮೇಲಕ್ಕೆ ಎಳೆಸಿದ. ಅದರ ತುದಿಯಲ್ಲಿ ಬೆರಳುದ್ದದ ಬ್ಯಾಟರಿ ಇತ್ತು, ಅದರಿಂದ ಒಂದು ಎಳೆ ತಂತಿ ಕೊಳವೆಯ ಕತ್ತಲೆಗೆ ಇಳಿದುಹೋಗಿತ್ತು. ನಗು ನಿಂತಿತು.

"ಅದೂ ಗೇರಿಂದೇ ರೀ," ಎಂದಳು ಅವಳು. "ಕೆಳಗ ಪೆಡಲ್ ತಿರಗೋ ಗುಂಬ ಬಿಚ್ಚಿದ್ರ ಒಳಗೆಲ್ಲಾ ಕಾಣಸ್ತದ. ಬಿಚ್ಚೋ ಹತ್ಯಾರ ವಿಜಯಪುರದಾಗ ಅದ."

"ವಿಜಯಪುರಕ್ಕ ಹೋಗಿ ಬರೂದ್ರಾಗ ಹೊತ್ತು ಮುಳಗ್ತದ ತಂಗಿ," ಎಂದ ಅನೀಲಕುಮಾರ. "ಆ ಮಷೀನಂತೂ ನಮ್ಮ ಕಡೆ ಇಲ್ಲ. ತಕರಾರು ಇರೋ ಹೆಸರು ನಾ ಹ್ಯಾಂಗ ಕಳಸ್ಲಿ ಹೇಳು?"

ದತ್ತಪ್ಪ ಗುಂಪಿನ ಅಂಚಿನಲ್ಲಿ ಟವೆಲ್ಲಿನ ತುದಿ ಹಿಂಡುತ್ತ ನಿಂತಿದ್ದ. ಮಗಳ ಮುಖದ ಬೆವರು ಆರಿ ಉಪ್ಪಾಗಿದ್ದುದು ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಆಗ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕ ಹೇಳಿದ: "ಮಷೀನ್ ಯಾಕ್ರಿ? ಮೂರು ತಾಲೂಕಿನ ನೆಲದಾಗ ಅಡಗಿದ್ದು ಕಾಣೋ ಮನಷ್ಯಾ ಅಲ್ಲೇ ನಿಂತಾನಲ್ಲ."

ಎಲ್ಲರೂ ದತ್ತಪ್ಪನ ಕಡೆ ತಿರುಗಿದರು.

"ಇದು ನೀರು ನೋಡೋ ಕೈ ಅಪ್ಪಾ," ಎಂದ ದತ್ತಪ್ಪ. "ಮೋಟರ ನೋಡೂದು ನನಗ ಗೊತ್ತಿಲ್ಲ."

"ಮಂದಿ ಹೊಲ ಅಂದ್ರ ಗೊತ್ತು, ಮಗಳ ಸೈಕಲ್ ಅಂದ್ರ ಗೊತ್ತಿಲ್ಲೇನು ಕಾಕಾ?" ಎಂದಿತು ಗುಂಪಿನಿಂದ ಒಂದು ದನಿ.

ಅಮರನಾಥ ಮಾತ್ರ ಅಣಕಿಸಲಿಲ್ಲ. ಅವನ ದನಿ ಮೆತ್ತಗಾಯಿತು. "ನಮ್ಮ ಹೊಲದಾಗಿನ ಬೋರು ಕಾಕಾನೇ ತೋರ್ಸಿದ್ದು. ತಮ್ಮನ ಹೊಲದಾಗೇ ಸುಳ್ಳ ಹೇಳದ ಮನಷ್ಯಾ, ಮಗಳ ಸಲುವಾಗಿ ಹೇಳ್ತಾನೇನು? ಕಾಯಿ ಮಲಗ್ತಂದ್ರ ನಾ ತಕರಾರು ಬಿಡ್ತೇನಿ. ನಿಂತ್ರ ಆಕಿ ಹೆಸರು ಹೋಗಬಾರದು. ಅಷ್ಟೇ ಫೈಸಲಾ."

"ನನಗ ಒಪ್ಪಿಗಿ," ಎಂದ ಅನೀಲಕುಮಾರ, ಹೊರೆ ಇಳಿದವನಂತೆ.

ದತ್ತಪ್ಪ ಮಗಳನ್ನು ನೋಡಿದ. ಅವಳು ತಲೆಯಾಡಿಸಿದಳು. "ಹಿಡಿ ಅಪ್ಪಾ. ನನಗೇನ್ ಅಂಜಿಕಿಲ್ಲ."

ಅವನಿಗೂ ಅಂಜಿಕೆ ಇರಲಿಲ್ಲ. ಈ ಹುಡುಗಿ ಸುಳ್ಳು ಹೇಳುವವಳಲ್ಲವೆಂದು ಅವನಿಗೆ ತನ್ನ ಎದೆಯ ಮೇಲಿನ ಲಿಂಗದಷ್ಟೇ ಖಚಿತವಾಗಿ ಗೊತ್ತಿತ್ತು. ಇಲ್ಲದ್ದಕ್ಕೆ ಕಾಯಿ ಏಳುವುದಿಲ್ಲ, ಮಲಗಿಯೇ ಇರುತ್ತದೆ, ಮಗಳ ಹೆಸರು ಆಯ್ಕೆಗೆ ಹೋಗುತ್ತದೆ. ಹೀಗೆ ಲೆಕ್ಕ ಹಾಕಿದ. ಸಲಾಕೆಯನ್ನು ಮತ್ತೆ ಇಳಿಸಿ ಸೈಕಲ್ಲನ್ನು ರಸ್ತೆಯ ನಡುವೆ ನಿಲ್ಲಿಸಿದರು. ಕಿರಾಣಿ ಅಂಗಡಿಯಿಂದ ಕಾಯಿ ಬಂತು. ದತ್ತಪ್ಪ ನಾರು ಸುಲಿದು ಜುಟ್ಟು ಬಿಟ್ಟ, ಚಪ್ಪಲಿ ಕಳಚಿದ, ಕಣ್ಣು ಮುಚ್ಚಿ ಶರಣರನ್ನು ನೆನೆದ.

ಮುಂದಿನ ಗಾಲಿಯ ಮೇಲೆ ಹಿಡಿದ. ಕಾಯಿ ಮಲಗಿತ್ತು. ಹಿಡಿಕೆಯ ಮೇಲೆ ಹಿಡಿದ. ಮಲಗಿತ್ತು. ಜನ ಉಸಿರು ಬಿಡುತ್ತಿರುವುದು ಅವನಿಗೆ ಕೇಳಿಸಿತು. ಸರಿದು ನಡುಕೊಳವೆಯ ಮೇಲೆ ಕೈ ತಂದ. ಅಂಗೈಯಲ್ಲಿ ಇರುವೆ ಹರಿದಂತಾಯಿತು. ಆ ಹರಿದಾಟ ಅವನಿಗೆ ಹೊಲಹೊಲದಲ್ಲೂ ಪರಿಚಿತ. ಬೇಡ, ಎಂದಿತು ಅವನ ಮನಸ್ಸು. ಮಣಿಕಟ್ಟನ್ನು ಎಳ್ಳಷ್ಟು ವಾಲಿಸಿದ್ದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಕಾಯಿ ಹೊರಳಿತು, ಜುಟ್ಟು ಮೇಲಾಗಿ ಎದ್ದು ನಿಂತಿತು.

"ನಿಂತದ," ಎಂದ ದತ್ತಪ್ಪ.

ಅವನು ಹೇಳಬೇಕೆಂದು ಹೇಳಿದ್ದಲ್ಲ. ಇಡೀ ಆಯುಷ್ಯ ಕಾಯಿ ನಿಂತಾಗಲೆಲ್ಲ ಬಾಯಿಂದ ಬಂದ ಮಾತು ಈಗಲೂ ತಾನಾಗಿ ಬಂದುಬಿಟ್ಟಿತು. ಬಂದದ್ದು ಎಲ್ಲರಿಗೂ ಕೇಳಿಸಿತ್ತು.

ಗದ್ದಲವೇನೂ ಏಳಲಿಲ್ಲ. ಕೆಲವರು ತಲೆ ತಗ್ಗಿಸಿದರು. ಅಮರನಾಥ ಸಹ ಗೆದ್ದವನಂತೆ ಕಾಣಲಿಲ್ಲ. ಅನೀಲಕುಮಾರ ಪೆನ್ನಿನ ಮುಚ್ಚಳ ಹಾಕಿದ.

"ಅಪ್ಪಾ, ನೀನೂ ಹಂಗ ಅಂತೀಯೇನು?" ಎಂದಳು ಭಾಗ್ಯಜ್ಯೋತಿ.

"ನಾ ಅನ್ನಲಿಲ್ಲವ್ವಾ. ಕಾಯಿ ನಿಂತದ."

"ಕಾಯಿ ನಿಂತದಂದ್ರ ನಾ ಮೋಟರ ಇಟ್ಟೇನಂತ ಆತಿಲ್ಲ?"

ದತ್ತಪ್ಪ ಕೈಯಲ್ಲಿದ್ದ ಕಾಯಿಯ ಕಡೆ ನೋಡಿದ. ಕಾಯಿ ಸುಳ್ಳು ಎಂದರೆ, ಅವನ ಮಾತಿನ ಮೇಲೆ ಮೂರು ತಾಲೂಕಿನಲ್ಲಿ ನೆಲ ಕೊರೆಸಿದವರ ಮುಖ ಹೇಗೆ ನೋಡುವುದು? ಕಾಯಿ ಖರೆ ಎಂದರೆ, ಎದುರಿಗೆ ನಿಂತ ಈ ಮುಖವನ್ನು ಹೇಗೆ ನೋಡುವುದು?

ಅವಳು ಕಾಯಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ರಸ್ತೆ ದಾಟಿದಳು. ಆಚೆ ಬದಿಗೆ ಖಮರನ ವೆಲ್ಡಿಂಗ್ ಅಂಗಡಿ ಇತ್ತು, ಕಿಟಕಿ ಗೇಟು ಮಾಡುವವನು.

"ಖಮರಭಾಯಿ, ಇದನ್ನ ಕೊಯ್ದು ಒಡದು ತೋರ್ಸ್ರಿ."

ಖಮರ ಸೈಕಲ್ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದ. "ತಂಗಿ, ಇದು ಲೋಖಂಡ ಅಲ್ಲ. ಒಮ್ಮಿ ಕೊಯ್ದ್ರ ಬೆಸಿಗಿ ಹತ್ತಂಗಿಲ್ಲ. ನಾಳಿಗಿ ಏನ್ ಮ್ಯಾಲ ಓಡಸ್ತಿ?"

"ಹೆಸರೇ ಹೋಗಲಿಲ್ಲಂದ್ರ ನಾಳಿಗಿ ಎಲ್ಲಿ ಅದ?" ಎಂದಳು. ಬಳಿಕ ಹಿಂದೆ ಬಂದಿದ್ದ ತಂದೆಯ ಕಡೆ ತಿರುಗಿದಳು. "ನಿನ್ನ ಕಾಯಿ ಖರೇನೋ ನಾ ಖರೇನೋ, ಮಂದಿ ನೋಡ್ಲಿ. ನೀನೇ ಹಿಡಕೋ."

ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ದತ್ತಪ್ಪ ಸೈಕಲ್ ಹಿಡಿದುಕೊಂಡ. ಖಮರ ಬಾಟಲಿ ಕಿತ್ತು ಕಲ್ಲಿನ ಮೇಲೆ ಇಟ್ಟ, ಕಣ್ಣಿಗೆ ಕನ್ನಡಕ ಏರಿಸಿದ, ಕೊಯ್ಯುವ ಗಾಲಿಗೆ ಕರೆಂಟು ಕೊಟ್ಟ. ಕಿಡಿ ಹಾರಲಿಲ್ಲ. ಕರಿಯ ಪುಡಿ ಮಾತ್ರ ಎದ್ದು ದತ್ತಪ್ಪನ ಅಂಗಿ, ಗಡ್ಡ, ಹಣೆಯ ವಿಭೂತಿಯ ಮೇಲೆ ಕುಳಿತಿತು. ಅವನು ಮುಖ ತಿರುಗಿಸಲಿಲ್ಲ. ಒಳಗೆ ಮೋಟರ್ ಇರಲಿ ಎಂದು ಒಂದು ಕ್ಷಣ ಬಯಸಿದ. ಮರುಕ್ಷಣ ಹಾಗೆ ಬಯಸಿದ್ದಕ್ಕೆ ತನಗೆ ತಾನೇ ಹೇಸಿದ. ಇದನ್ನು ಅವನು ಹೆಂಡತಿಗಲ್ಲದೆ ಯಾರಿಗೂ ಹೇಳಿಲ್ಲ.

ನಡುಕೊಳವೆ ಸೀಳಿತು. ಸೀಟಿನ ಕೊಳವೆ ಸೀಳಿತು. ಪೆಡಲಿನ ಗುಂಬವೂ ಎರಡಾಯಿತು. ಖಮರ ತುಂಡುಗಳನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಎಳೆ ತಂತಿ, ಒಂದು ಬ್ರೇಕಿನ ಕೊಳವೆ. ಉಳಿದದ್ದು ಬರೀ ಟೊಳ್ಳು. ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿಯ ಆಕಾಶ ಕಾಣುತ್ತಿತ್ತು.

"ನಾ ಹೇಳಿದ್ನಿಲ್ಲಣ್ಣಾ, ಆಕಿ ದಮ್ಮಿಲೇ ಹೋದಳಂತ?" ಎಂದು ಪಲ್ಲವಿ ಅಣ್ಣನ ತೋಳು ಹಿಡಿದು ಅತ್ತಳು. ಅಮರನಾಥ ಮೊಬೈಲನ್ನು ಜೇಬಿಗೆ ಇಳಿಸಿದ. ಅನೀಲಕುಮಾರ ಅಲ್ಲೇ ನಿಂತು ಭಾಗ್ಯಜ್ಯೋತಿಯ ಹೆಸರು ಬರೆದ, ಫೋನಿನಿಂದ ಕಳಿಸಿದ, ಅವಳಿಗೆ ತೋರಿಸಿದ. ಅವಳು ನೋಡಿ ತಲೆಯಾಡಿಸಿದಳು.

ಜನ ಈಗ ದತ್ತಪ್ಪನನ್ನು ನೋಡುತ್ತಿದ್ದರು. ಒಬ್ಬೊಬ್ಬರ ಕಣ್ಣಲ್ಲೂ ಅವರವರ ಹೊಲ ಇತ್ತು. ಯಾರೂ ಬಯ್ಯಲಿಲ್ಲ. ಒಬ್ಬ ಸರಿದ, ಇನ್ನೊಬ್ಬ ಸರಿದ, ರಸ್ತೆ ತೆರವಾಯಿತು.

ಭಾಗ್ಯಜ್ಯೋತಿಗೆ ಬಾಯಾರಿತ್ತು. ಕಲ್ಲಿನ ಮೇಲಿದ್ದ ಬಾಟಲಿ ತೆಗೆದುಕೊಂಡು, ಎಷ್ಟು ಉಳಿದಿದೆಯೆಂದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು.

ಆ ಸಪ್ಪಳ ದತ್ತಪ್ಪನಿಗೆ ಕೇಳಿಸಿತು. ಅವನು ಕರಿಯ ಕೈಯಲ್ಲೇ ಕಾಯಿ ಎತ್ತಿಕೊಂಡು ಮಗಳ ಹತ್ತಿರ ಹೋದ. ಬಾಟಲಿಯ ಕಡೆ ಅಂಗೈ ಚಾಚಿದ. ಕಾಯಿ ಎದ್ದು ನಿಂತಿತು.

"ನೀರವ್ವಾ," ಎಂದ. "ನಡುಕೊಳವಿಗಿ ಇದು ಇತ್ತು. ಮುಂಜಾನೆ ನಾನೇ ತುಂಬಿದ್ದೆ."

ಅವಳು ಕಾಯಿಯನ್ನೂ ಬಾಟಲಿಯನ್ನೂ ನೋಡಿದಳು. ಕೊಯ್ದು ಬಿದ್ದ ಸೈಕಲ್ಲನ್ನು ನೋಡಿದಳು.

"ಕಾಯಿ ಖರೇನೇ ಹೇಳ್ಯಾದ ಅಪ್ಪಾ," ಎಂದಳು. "ನಾನೂ ಖರೇನೇ ಹೇಳಿದ್ದೆ."

ಅದನ್ನು ಕೇಳಲು ಅಲ್ಲಿ ಖಮರ ಮತ್ತು ಗಂಗಾಬಾಯಿ ಇಬ್ಬರೇ ಉಳಿದಿದ್ದರು. ದತ್ತಪ್ಪ ಕರೆದು ಹೇಳಬೇಕೆಂದು ರಸ್ತೆಯ ನಡುವೆ ಓಡಿದ, ಹೋಗುತ್ತಿದ್ದವರ ಬೆನ್ನಿಗೆ "ನೀರ್ರೀ, ನೀರಿತ್ರೀ!" ಎಂದು ಕೂಗಿದ. ತಲೆ ಕೆಟ್ಟಿರಬೇಕೆಂದುಕೊಂಡು ಯಾರೂ ತಿರುಗಲಿಲ್ಲ.

ಗಂಗಾಬಾಯಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಮೊರದ ಕಲ್ಲು ಆರಿಸತೊಡಗಿದಳು. ಕೇಳುತ್ತಿದ್ದ ಜಯಮಾಲಾ ಎಂಬ ಸೊಸೆ ತಡೆಯಲಾರದೆ, "ಅತ್ತೀ, ಮರುದಿನ ಹೋದಳೋ ಇಲ್ಲೋ?" ಎಂದಳು.

"ಹೋದಳವ್ವಾ, ಮುಂಜಾನಿ ಬಸ್ಸಿಗಿ. ಅಪ್ಪನೂ ಸಂಗಾಟ ಹೋದ. ಯಾರರ ಒಂದು ಸೈಕಲ್ ಕೊಡ್ತಾರೇನಂತ ಅಂವ ಅಲ್ಲಿ ಬಂದವರ ಕಾಲಿಗೆಲ್ಲಾ ಬಿದ್ದ. ಇದ್ದವರೆಲ್ಲಾ ತಾವೇ ಓಡಸೋರು, ಯಾರು ಕೊಡ್ತಾರ? ಆಕಿ ತಲಿಗಿ ಟೊಪಗಿ ಹಾಕ್ಕೊಂಡು ಸಾಲಿನಾಗ ನಿಂತಳು. ಹೆಸರು ಕರದ್ರು. 'ಹಾಜರ್' ಅಂದಳು. 'ಸೈಕಲ್ ಎಲ್ಲಿ?' ಅಂದ್ರು."

"ಏನಂದಳು?"

"ಏನನ್ನಬೇಕವ್ವಾ? ಸಂಜಿ ಬಸ್ಸಿಗಿ ಇಬ್ಬರೂ ತಿರಗಿ ಬಂದ್ರು."

ಬಿಸಿಲು ಗೋಡೆ ಏರಿತ್ತು. ಹೆಂಗಸರು ಮೊರ ಕೊಡವಿ, ಸೆರಗಿನ ಹೊಟ್ಟು ಝಾಡಿಸಿ ಎದ್ದರು. ಬಾಗಿಲ ಬಳಿ ಒಬ್ಬಳು ನಿಂತು, "ನಮ್ಮ ಹೊಲದ ಬೋರು ದತ್ತಪ್ಪಣ್ಣನೇ ತೋರ್ಸಿದ್ದು. ಇನ್ನೂ ನೀರು ಅದ," ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಉಳಿದವರು ಹೂಂಗುಟ್ಟಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು.