ಭೀಮಕ್ಕನ ಅಡುಗೆಮನೆಯ ಹೊಗೆ

ಎರಡು ಸಾವಿರದ ಇಸವಿಯ ಜುಲೈ ತಿಂಗಳಲ್ಲಿ ಭೂಮಂಡಲದ ಉಷ್ಣತೆಯ ಪ್ರಶ್ನೆ ಜಾಂಬೋಟಿ ಕಡೆಯ ಒಂದು ಹಳ್ಳಿಗೆ, ಭೀಮಕ್ಕ ಎಂಬಾಕೆಯ ಅಡುಗೆಮನೆಗೆ ಬಂದು ನಿಂತಿತು. ಅವಳ ಒಲೆಯ ಹೊಗೆ ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂಬುದರ ಮೇಲೆ ಮನುಕುಲದ ಭವಿಷ್ಯ ಅವಲಂಬಿಸಿದೆಯೆಂದು ಬೆಳಗಾವಿಯ ಸಂಸ್ಥೆಯೊಂದು ಹದಿನಾರು ಪುಟಗಳಲ್ಲಿ ಅಚ್ಚು ಹಾಕಿಸಿತ್ತು. ಮನುಕುಲದ್ದು ಏನಾದರಾಗಲಿ, ಗುರುಪುತ್ರಪ್ಪನ ಭವಿಷ್ಯವಂತೂ ಅದರ ಮೇಲೆಯೇ ಇತ್ತು.

ಗುರುಪುತ್ರಪ್ಪ ಆ ಸಂಸ್ಥೆಯ ಮೇಲ್ವಿಚಾರಕ. ಹಿಂದಿನ ವರ್ಷ ಊರಿನ ನಲವತ್ತು ಮನೆಗಳ ಹಳೆಯ ಒಲೆ ಒಡೆಸಿ, ಕೊಳವೆಯಿರುವ ಹೊಗೆರಹಿತ ಒಲೆ ಕಟ್ಟಿಸಿದ್ದ. ಅರ್ಧ ಕಟ್ಟಿಗೆ ಸಾಕು, ಕಾಡು ಉಳಿಯುತ್ತದೆ, ಕಣ್ಣು ಉರಿಯುವುದಿಲ್ಲ. ಈಗ ಬೆಂಗಳೂರಿನಿಂದ ಮಾಲಾ ಮೇಡಂ ತಪಾಸಣೆಗೆ ಬರುವವರಿದ್ದರು. ಅವರು ಒಪ್ಪಿದರೆ ಯೋಜನೆಗೆ ಎರಡನೇ ಹಂತ. ಇಲ್ಲದಿದ್ದರೆ ಗುರುಪುತ್ರಪ್ಪ ಖಾನಾಪುರದಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿ ಕೂತು ಖಣ ಹರಿಯಬೇಕು. ಮಾವ ಆಗಲೇ ಅಳಿಯನಿಗೊಂದು ಗಾದಿ ತುಂಬಿಸಿಟ್ಟಿದ್ದ.

ಬೆಳಿಗ್ಗೆ ಬಂದು ನೋಡಿದರೆ ಮೂವತ್ತೊಂಬತ್ತು ಒಲೆಗಳು ಬೇರೆ ಬೇರೆ ಉದ್ಯೋಗ ಹಿಡಿದಿದ್ದವು. ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಇನ್ನೊಂದರ ಕೊಳವೆ ಗದ್ದೆಗೆ ನೀರು ಹಾಯಿಸುತ್ತಿತ್ತು. ಭೀಮಕ್ಕನ ಒಲೆ ಮಾತ್ರ ಸುಣ್ಣ ಬಳಿಸಿಕೊಂಡು, ರಂಗೋಲಿ ಬರೆಸಿಕೊಂಡು ಮದುಮಗಳಂತೆ ಕೂತಿತ್ತು. ಗುರುಪುತ್ರಪ್ಪ ಬಗ್ಗಿ ಒಳಗೆ ಬೆರಳಾಡಿಸಿದ. ಚಿಟಿಕೆ ಬೂದಿಯೂ ಇಲ್ಲ.

“ಅಕ್ಕಾ, ಇದನ್ನ ಹಚ್ಚೇ ಇಲ್ಲೇನ್ರಿ?”

“ಇಷ್ಟ್ ಚಂದ ಐತಿ, ಹೊಲಸ ಯಾಕ ಮಾಡೂದು ತಮ್ಮಾ?”

“ಮತ್ತ ಅಡಿಗಿ?”

“ಕೊಟಗ್ಯಾಗ. ಹಳೀದರಂಥಾದ್ದ ಒಂದು ಕಟ್ಕೊಂಡೇನಿ. ಒಂದ ವರ್ಷದಿಂದ ನೀ ಕುಡದ ಚಾ ಎಲ್ಲಾ ಅಲ್ಲಿಂದನ ಬಂದದ್ದು. ಹೊಗಿ ವಾಸನಿ ಬಡೀಲಿಲ್ಲೇನ ನಿನಗ?”

“ಮೇಡಂ ಮುಂದ ಕೊಟಗಿ ಅಂತ ಬಾಯಿ ಬಿಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

“ಬೀಳಬ್ಯಾಡ, ನೆಲಾ ಹಸಿ ಐತಿ. ಬಾಯಿ ಬಿಡೂದಿಲ್ಲ ತಗೋ.”

ಜೀಪು ಕೆಸರಲ್ಲಿ ಹೂತದ್ದರಿಂದ ಮಾಲಾ ಮೇಡಂ ಒಂದು ಮೈಲಿ ನಡೆದು ಬಂದರು. ಅವರು ಪೂರ್ತಿ ನೆನೆದಿದ್ದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಹೊಗೆ ಅಳೆಯುವ ಯಂತ್ರ ಬೆಚ್ಚಗಿತ್ತು. ಅಡುಗೆಮನೆಯ ನಡುವೆ ಅದನ್ನಿಟ್ಟು, ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು.

“ಸೊನ್ನೆ! ಗೋಡೆ ಮೇಲೆ ಮಸಿ ಕೂಡ ಇಲ್ಲ. ಇಂಥ ಅಡುಗೆಮನೆ ನಾನು ರಾಜ್ಯದಲ್ಲೇ ನೋಡಿಲ್ಲ.”

“ಎಲ್ಲಾ ಇವರ ಕಾಳಜೀರಿ,” ಎಂದ ಗುರುಪುತ್ರಪ್ಪ. ಅದು ನಿಜವೇ ಆಗಿತ್ತು.

ಮೇಡಂ ‘ಅತ್ಯುತ್ತಮ’ ಎಂದು ಬರೆದು ಮೂರು ಸಲ ಸೀನಿದರು. ಭೀಮಕ್ಕ ಬಾಯಿ ಬಿಡುವುದಿಲ್ಲವೆಂದು ಒಪ್ಪಿದ್ದಳೇ ಹೊರತು, ಮನೆಗೆ ಬಂದವರು ನಡುಗುವುದನ್ನು ನೋಡುತ್ತ ನಿಲ್ಲುತ್ತೇನೆಂದು ಒಪ್ಪಿರಲಿಲ್ಲ.

“ಏಳ್ರಿ ಬಾಯಾರ, ಥಂಡಿ ಹತ್ತೇತಿ. ಒಲಿ ಮುಂದ ಕುಂದರ್ರಿ.”

“ಒಲೆ ಮುಂದೇನೇ ಕೂತಿದೀನಲ್ಲಮ್ಮ?”

“ಇದಲ್ರಿ. ಉರಿಯೂ ಒಲಿ.”

ಕೊಟ್ಟಿಗೆಯಲ್ಲಿ ಎಮ್ಮೆಯ ಮುಖ ಕಾಣದಷ್ಟು ಹೊಗೆ. ಒಲೆಯ ಮೇಲಿನ ಅಟ್ಟದಿಂದ ಬಿತ್ತನೆಯ ಗೋವಿನಜೋಳದ ತೆನೆ, ಸೌತೆಬೀಜದ ಗಂಟು, ಎರಡು ಹಸಿ ಕಂಬಳಿ ತೂಗುತ್ತಿದ್ದವು. ಮೇಡಂ ಕಣ್ಣೀರು ಒರೆಸಿಕೊಳ್ಳುತ್ತ, ಸೆರಗು ಒಣಗಿಸಿಕೊಳ್ಳುತ್ತ ಕೇಳಿದರು:

“ಆ ಒಲೆಗೆ ಏನಾಗಿದೆ?”

“ಅದಕ್ಕೇನಾಗಿಲ್ರಿ. ಇಲ್ಲಿ ನಾಕ ತಿಂಗಳ ಬಿಸಲ ಕಾಣೂದಿಲ್ಲ. ಹೊಗಿ ಬಡೀಲಿಲ್ಲಂದ್ರ ಬೀಜಕ್ಕ ನುಸಿ ಹತ್ತತಾವು, ಕಂಬಳಿ ನಾರತಾವು. ಇವನ ಒಲಿ ಹೊಗಿನೆಲ್ಲಾ ಆಕಾಶಕ್ಕ ಕೊಡತೈತಿ. ಆಕಾಶಕ್ಕ ಮೊದಲ ಹೊಗಿ ಜಾಸ್ತಿ ಆಗೇತಿ ಅಂತ ಇವನ ಹೇಳ್ಯಾನ.”

“ನಿಮಗೆ ಕೆಮ್ಮು ಬರಲ್ವಾ?”

“ಬರ್ತೈತ್ರಿ,” ಎಂದು ಭೀಮಕ್ಕ ಕೆಮ್ಮಿದಳು. “ನನ್ನ ಬಿತ್ತಾಕ ಬರೂದಿಲ್ಲಲ್ರಿ, ಬೀಜಾ ಉಳೀಬೇಕು.”

ಮಾಲಾ ಮೇಡಂ ‘ಅತ್ಯುತ್ತಮ’ಕ್ಕೆ ಗೀಟು ಎಳೆದರು. ಗುರುಪುತ್ರಪ್ಪ ಎಮ್ಮೆಯ ಹಿಂದೆ ಸರಿದು ನಿಂತ. ಮೇಡಂ ಚಹಾ ಕುಡಿಯುತ್ತ ಎರಡು ಪುಟ ಬರೆದರು.

ಆಗಸ್ಟಿನಲ್ಲಿ ಬೆಂಗಳೂರಿನಿಂದ ಪತ್ರ ಬಂತು: ಹೊಗೆರಹಿತ ಒಲೆಯೇ ಇರಲಿ, ಆದರೆ ಮೇಲೊಂದು ಅಟ್ಟ, ಬೀಜಕ್ಕೆ ಹೊಗೆ ತಾಗುವಂತೆ ಅಟ್ಟದ ಕೆಳಗೆ ಕೊಳವೆಗೊಂದು ಕಿಂಡಿ, ಕಿಂಡಿಗೊಂದು ಮುಚ್ಚಳ ಇರಲಿ, ಯಾವಾಗ ತೆರೆಯಬೇಕೆಂಬುದು ಮನೆಯವಳಿಗೆ ಬಿಟ್ಟದ್ದು. ಮೇಲ್ವಿಚಾರಕರು ಏನನ್ನಾದರೂ ಕಟ್ಟಿಸುವ ಮೊದಲು ಪ್ರತಿ ಅಡುಗೆಮನೆಯಲ್ಲಿ ಒಂದು ದಿನ ಕೂತು ನೋಡತಕ್ಕದ್ದು.

ಗುರುಪುತ್ರಪ್ಪ ನಲವತ್ತು ದಿನ ಕೂತು ಕೆಮ್ಮಿದ. ಮುಂದಿನ ಮಳೆಗಾಲದಲ್ಲಿ ನಲವತ್ತರಲ್ಲಿ ಇಪ್ಪತ್ತಾರು ಒಲೆಗಳು ಉರಿದವು. ಅವನ ಕೆಲಸ ಉಳಿಯಿತು.