ಒಣಗಂಟಲಿನ ಹಾಡು

ಹಾಡುಗಾರ ಲೋರ್ಕನ್ ಟೂಹಿಯ ಮೇಲೆ ಸಾಕ್ಷ್ಯಚಿತ್ರ ಮಾಡಲು ಡಬ್ಲಿನ್ನಿನಿಂದ ಬಂದ ಓರ್ಲಾ ಎಂಬ ಹುಡುಗಿಗೆ ನಮ್ಮ ಕಿಲ್‌ಡ್ರೀನ್ ಊರಿನ ಜನ ಸಹಕಾರ ಕೊಟ್ಟರು ಎಂದರೆ ಕಡಿಮೆಯಾಯಿತು, ಮೈಮೇಲೆ ಬಿದ್ದರು. ಕ್ಯಾಮೆರಾ ಕಂಡರೆ ಸಾಕು, ಒಬ್ಬೊಬ್ಬರ ಬಾಯಿಂದಲೂ ಲೋರ್ಕನ್ ಕುಡಿದದ್ದರ ಕಥೆ ಹೊರಡುತ್ತಿತ್ತು. ಹ್ಯಾಂಬರ್ಗಿನಲ್ಲಿ ವೇದಿಕೆಯಿಂದ ಜನರ ಮೇಲೆ ಉರುಳಿ, ಬಿದ್ದಲ್ಲಿಂದಲೇ ಹಾಡು ಮುಗಿಸಿದ್ದು. ಪಾದ್ರಿಯ ಕತ್ತೆಯನ್ನು ಪಬ್ಬಿನೊಳಗೆ ಎಳೆದು ತಂದು ಅದಕ್ಕೂ ಒಂದು ಗ್ಲಾಸು ಕರಿ ಬಿಯರು ಹೇಳಿದ್ದು. ಈ ಎರಡನೆಯದನ್ನು ಪಾದ್ರಿಗಳೇ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದರು. ಮೂರೂ ಬಿಟ್ಟವನು ಊರಿಗೆ ದೊಡ್ಡವನು ಅನ್ನುತ್ತಾರಲ್ಲ, ನಮಗಿದ್ದ ದೊಡ್ಡ ಮನುಷ್ಯ ಅವನೊಬ್ಬನೇ.

ಕಥೆ ಹೇಳದೆ ಉಳಿದವಳೆಂದರೆ ಅವನ ಅಕ್ಕ ಡಿಂಪ್ನಾ. ಓರ್ಲಾ ಕೇಳಿದಾಗಲೆಲ್ಲ ಟೀ ಬಗ್ಗಿಸಿ, ಸೋಡಾ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಬಳಿದು, "ಮೊದಲು ತಿನ್ನಮ್ಮ, ಡಬ್ಲಿನ್ನಲ್ಲಿ ಊಟ ಹಾಕಲ್ವಾ ನಿಮಗೆ?" ಎಂದು ಮಾತು ತಿರುಗಿಸಿಬಿಡುತ್ತಿದ್ದಳು.

ಆ ಕಥೆಗಳ ಕೊನೆಯ ಭಾಗವನ್ನು ಕಂಡವಳು ಅವಳೇ. ಈಸ್ಟರ್ ಸಮಯದಲ್ಲಿ ಲೋರ್ಕನ್ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ್ದ. ಡಾಕ್ಟರು ಡಿಂಪ್ನಾಳನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಾಯಿಗಿಟ್ಟರೆ ನನ್ನನ್ನ ಕರೀಬೇಡಿ, ಪಾದ್ರಿಯನ್ನ ಕರೀರಿ" ಎಂದಿದ್ದರು. ಅಂದಿನಿಂದ ತಮ್ಮ ಅವಳ ಮನೆಯಲ್ಲೇ ಇದ್ದ. ಈಗ ನವೆಂಬರ್. ಅಷ್ಟು ದಿನವೂ ಅವನು ಕುಡಿದಿರಲಿಲ್ಲ. ಹಾಡಿಯೂ ಇರಲಿಲ್ಲ.

ಕುಡಿಯದೆ ಹಾಡುವುದು ಅವನಿಗೆ ಬರುತ್ತಲೇ ಇರಲಿಲ್ಲ ಎಂಬುದು ಜಗತ್ತಿಗೆ ಗೊತ್ತಿಲ್ಲ, ಡಿಂಪ್ನಾಳಿಗೆ ಗೊತ್ತು. ಚಿಕ್ಕಂದಿನಲ್ಲಿ ಶಾಲೆಯ ಸ್ಪರ್ಧೆಗೆ ನಿಲ್ಲಿಸಿದರೆ ಹೆದರಿ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗ ಅವನು. ಒಂದು ಮದುವೆಯಲ್ಲಿ ಸೋದರಮಾವ ಕನಿಕರಪಟ್ಟು ಬಾಗಿಲ ಹಿಂದೆ ಒಂದು ಗುಟುಕು ವಿಸ್ಕಿ ಕುಡಿಸಿದ. ಹುಡುಗ ಹೊರಗೆ ಬಂದು ಹಾಡಿದ್ದಕ್ಕೆ ಮುದುಕಿಯರೆಲ್ಲ ಅತ್ತರು. ಅವತ್ತು ಹಾಡಿಗೂ ಕುಡಿತಕ್ಕೂ ಬಿದ್ದ ಗಂಟು ಮತ್ತೆ ಬಿಚ್ಚಲಿಲ್ಲ.

ಹೀಗಿರುವಾಗ ಲೋರ್ಕನ್ ಒಂದು ಬೆಳಗ್ಗೆ ಮೊಟ್ಟೆಯ ತಲೆ ಒಡೆಯುತ್ತ, "ಭಾನುವಾರ ಮ್ಯಾಲಕಿ ಪಬ್ಬಿನಲ್ಲಿ ಶೂಟಿಂಗ್ ಅಂತೆ. ಹೂಂ ಅಂದುಬಿಟ್ಟೆ" ಎಂದ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೆಣ್ಣೆ ತಗೊಂಡು ಹೋಗಿ ಬೆಂಕಿ ಪಕ್ಕ ಇಡ್ತೀನಿ ಅಂದ್ರೆ ಇನ್ನೇನು ಅನ್ನಲಿ?"

"ಆ ಹುಡುಗಿ ಪಾಪ ಊರೆಲ್ಲ ಸುತ್ತಿ ನನ್ನ ಮಾನ ಕಳೆಯೋ ಕಥೆ ಒಟ್ಟು ಮಾಡಿದಾಳೆ ಕಣೇ. ಒಂದು ಹಾಡಾದರೂ ಇರಲಿ ಅದರಲ್ಲಿ" ಎಂದು ಲೋರ್ಕನ್ ನಕ್ಕ. ತಲೆ ಒಡೆದ ಮೊಟ್ಟೆಯನ್ನು ಮಾತ್ರ ತಿನ್ನದೆ ಪಕ್ಕಕ್ಕೆ ಸರಿಸಿದ.

ಭಾನುವಾರ ಪೂಜೆ ಮುಗಿಸಿ ಊರು ಇಗರ್ಜಿಯಿಂದ ನೇರ ಪಬ್ಬಿಗೆ ಬಂತು. ಪಬ್ಬಿನ ಯಜಮಾನ ಮ್ಯಾಲಕಿ ಒಲೆಗೆ ಪೀಟಿನ, ಅಂದರೆ ಒಣಗಿಸಿದ ಜೌಗುಮಣ್ಣಿನ, ಹೊಸ ಹೆಂಟೆಗಳನ್ನು ಒಡ್ಡಿದ್ದ, ಹಂದಿಮಾಂಸದ ಸ್ಯಾಂಡ್‌ವಿಚ್ಚುಗಳನ್ನು ತಟ್ಟೆಯಲ್ಲಿ ಗೋಪುರ ಕಟ್ಟಿದ್ದ. ಲೋರ್ಕನ್ ಒಲೆಯ ಪಕ್ಕದ ಬೆಂಚಿನಲ್ಲಿ ಕೂತ. ಅವನ ಮುಂದೆ ಟೀ ಇಡುವಾಗ ಮ್ಯಾಲಕಿಯ ಮುಖ ನೋಡಬೇಕಿತ್ತು.

"ಲೋರ್ಕನ್ ಟೂಹಿಗೆ ಟೀ! ನಮ್ಮಪ್ಪ ಗೋರೀಲಿ ಮಗ್ಗುಲು ಬದಲಾಯಿಸ್ತಿರ್ತಾನೆ" ಎಂದ ಮ್ಯಾಲಕಿ.

"ಅವನಿಗೂ ಒಂದು ಕಪ್ಪು ಕಳಿಸು" ಎಂದ ಲೋರ್ಕನ್.

ಜನ ಗೊಳ್ಳೆಂದು ನಕ್ಕರು. ಡಿಂಪ್ನಾ ನಗಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೋಟನ್ನೂ ಬಿಚ್ಚದೆ ಕೂತು, ತಮ್ಮನಿಗೂ ಕೌಂಟರಿಗೂ ಎಷ್ಟು ದೂರ ಎಂದು ನೋಡುತ್ತಿದ್ದಳು.

ಓರ್ಲಾ ಮೆಲ್ಲಗೆ ಅವಳ ಹತ್ತಿರ ಬಂದು ಕಿವಿಯಲ್ಲಿ, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟೀ ಕಪ್ಪು ಹಿಡ್ಕೊಂಡ್ರೆ ಅವರು ಅವರ ಥರ ಕಾಣಿಸ್ತಿಲ್ಲ. ಕುಡಿಯೋದು ಬೇಡ, ಕೈಲಿ ಒಂದು ಗ್ಲಾಸು ಸುಮ್ಮನೆ ಹಿಡ್ಕೊಂಡಿದ್ರೆ..." ಎಂದಳು.

"ಕೆಂಡ ಕೊಡ್ಲಾ? ಸುಮ್ಮನೆ ಹಿಡ್ಕೊಂಡಿರ್ತೀಯಾ?" ಎಂದಳು ಡಿಂಪ್ನಾ.

ಓರ್ಲಾಳ ಮುಖ ಕೆಂಪಾಯಿತು. ಕೆಟ್ಟ ಹುಡುಗಿಯಲ್ಲ. ಲೋರ್ಕನ್ ಹಾಡು ಕೇಳಿಕೊಂಡೇ ಬೆಳೆದವಳು. ಕ್ಯಾಮೆರಾ ಹಿಂದಕ್ಕೆ ಹೋದಳು.

ಹಾಡು ಶುರುವಾಯಿತು. ನಮ್ಮಲ್ಲಿ ಹಾಡಿದವನಿಗೆ ಒಂದು ಹಕ್ಕಿದೆ: ಮುಂದೆ ಯಾರು ಹಾಡಬೇಕೆಂದು ಅವನೇ ಕರೆಯುತ್ತಾನೆ. ಕರೆದ ಮೇಲೆ ಬಿಷಪ್ಪರಿದ್ದರೂ ಒಲ್ಲೆ ಎನ್ನುವಂತಿಲ್ಲ. ಮುದುಕ ಪಾಜೋ ಕಣ್ಣು ಮುಚ್ಚಿಕೊಂಡು, ಮುಳುಗಿಹೋದ ದೋಣಿಯೊಂದರ ಉದ್ದನೆಯ ಹಾಡು ಹೇಳಿದ. ದೋಣಿ ಮುಳುಗಲು ತೆಗೆದುಕೊಂಡದ್ದಕ್ಕಿಂತ ಹಾಡು ಮುಗಿಯಲು ಹೆಚ್ಚು ಹೊತ್ತು ಹಿಡಿಯಿತು. ಮುಗಿಸಿ ಕಣ್ಣು ತೆರೆದವನೇ, "ಕರೆ ನಂದು. ಲೋರ್ಕನ್ ಟೂಹಿ" ಎಂದ.

ಲೋರ್ಕನ್ ಮುಖ ಸುಣ್ಣವಾಯಿತು. ಅವನು ನೋಡಿದ್ದು ಪಾಜೋನ ಕಡೆಗಲ್ಲ, ಕ್ಯಾಮೆರಾದ ಕಡೆಗೂ ಅಲ್ಲ, ಕೌಂಟರಿನ ಕಡೆಗೆ. ಹಳೆಯ ಅಭ್ಯಾಸ ನೋಡಿ, ಮ್ಯಾಲಕಿಯ ಕೈ ತಾನಾಗಿಯೇ ಬಿಯರಿನ ನಲ್ಲಿಯ ಮೇಲೆ ಹೋಗಿತ್ತು.

ಡಿಂಪ್ನಾ ಎದ್ದಳು. ಜನರ ಮೊಣಕಾಲುಗಳನ್ನು ದಾಟಿಕೊಂಡು ಹೋಗಿ ತಮ್ಮನ ಪಕ್ಕ ಬೆಂಚಿನಲ್ಲಿ ಕೂತು ಅವನ ಕೈ ಹಿಡಿದಳು. ಹಿಂದಿನವರು ಹಾಡುವವನ ಕೈ ಹಿಡಿದು, ಹಾಡಿನ ಓಟಕ್ಕೆ ಸರಿಯಾಗಿ ಮೆಲ್ಲಗೆ ತಿರುಗಿಸುತ್ತಿದ್ದರು, ಬಾವಿಯ ರಾಟೆ ತಿರುಗಿಸಿದ ಹಾಗೆ. ಅವರ ಅಮ್ಮ ಹೋದ ಮೇಲೆ ನಮ್ಮೂರಿನಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ಡಿಂಪ್ನಾ ಹಾಡಿಲ್ಲದೆಯೇ ತಿರುಗಿಸತೊಡಗಿದಳು.

"ಆಗಲ್ಲ ಕಣೇ" ಎಂದು ಲೋರ್ಕನ್ ಪಿಸುಗುಟ್ಟಿದ.

"ಆಗದಿದ್ರೆ ಬಿಡು. ಸುಮ್ಮನೆ ಕೂತಿರೋಣ" ಎಂದಳು ಡಿಂಪ್ನಾ.

ಕೈ ತಿರುಗುತ್ತಲೇ ಇತ್ತು. ಯಾರೋ ಕೆಮ್ಮಿದರು. ಆಮೇಲೆ ಅವನು ಹಾಡಿದ.

ಹಡಗುಕಟ್ಟೆಯಲ್ಲಿ ತಾಯಿಯ ಕಡೆ ತಿರುಗಿಯೂ ನೋಡದೆ ಹೊರಟುಹೋದ ಮಗನ ಹಾಡು ಅದು. ಲೋಕವೆಲ್ಲ ಅದನ್ನು ಡೋಲು ಗಿಟಾರುಗಳ ಗದ್ದಲದಲ್ಲಿ, ಅವನ ಒಡಕು ಗರ್ಜನೆಯಲ್ಲಿ ಕೇಳಿತ್ತು. ಈಗ ಬಂದ ದನಿ ತೆಳ್ಳಗಿತ್ತು, ಎಳೆಯದಾಗಿತ್ತು, ನಡುಗುತ್ತಿತ್ತು. ಎರಡನೆಯ ನುಡಿಯಲ್ಲಿ ಪದ ಮರೆತು ನಿಂತುಬಿಟ್ಟ. ಆ ಹಾಡು ಬಾಯಿಗೆ ಬರದವರು ಅಲ್ಲಿ ಒಬ್ಬರೂ ಇರಲಿಲ್ಲ, ಆದರೂ ಯಾರೂ ಎತ್ತಿಕೊಡಲಿಲ್ಲ. ಅಕ್ಕನ ಕೈ ಮಾತ್ರ ನಿಲ್ಲಲಿಲ್ಲ. ಪದ ಸಿಕ್ಕಿತು. ಅವನು ಕೊನೆಯವರೆಗೂ ಹಾಡಿದ. ಬಾಗಿಲ ಹಿಂದೆ ವಿಸ್ಕಿ ಕುಡಿಯುವ ಮುಂಚಿನ ತಮ್ಮ ಇವನು ಎಂದು ಡಿಂಪ್ನಾಳಿಗೆ ಅನ್ನಿಸಿ ಎದೆ ತುಂಬಿ ಬಂತು. ಅವನು ಉಳಿದ ಎಂದೇ ಅಂದುಕೊಂಡಳು.

ಆಗ ನಾವು ಏನು ಮಾಡಿದೆವು ಗೊತ್ತೇ? ಕೂಗಿದೆವು, ಮೇಜು ಗುದ್ದಿದೆವು, ಕಣ್ಣೊರೆಸಿಕೊಂಡೆವು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹಾಡು ಚೆನ್ನಾಗಿದ್ದರೆ ಹಾಡಿದವನಿಗೆ ಒಂದು ಗ್ಲಾಸು ಬಿಯರು ಇಡಿಸುವುದು ನಮ್ಮಲ್ಲಿ ರೂಢಿ. ಮೆಚ್ಚುಗೆ ತೋರಿಸಲು ನಮಗೆ ಬೇರೆ ದಾರಿ ಗೊತ್ತಿಲ್ಲ. ಪಾಜೋ ಒಂದು ಗ್ಲಾಸು ಹೇಳಿದ. ಲಿಮರಿಕ್ಕಿನಿಂದ ಬಂದಿದ್ದ ಗಂಡಹೆಂಡಿರು ಒಂದು ಹೇಳಿದರು. ಮೂರನೆಯದನ್ನು ಮ್ಯಾಲಕಿ ತಾನೇ ಬಗ್ಗಿಸಿ, ಮೂಗೊರೆಸಿಕೊಳ್ಳುತ್ತ ಮೂರನ್ನೂ ತಂದು ಲೋರ್ಕನ್ ಮುಂದೆ ಸಾಲಾಗಿ ಇಟ್ಟ. ಇಟ್ಟ ಮೇಲೆ ಮಾಡಿದ್ದೇನೆಂದು ಅವನಿಗೆ ಹೊಳೆಯಿತು. ನಮಗೂ ಹೊಳೆಯಿತು. ಯಾರಿಗೂ ತೆಗೆಯುವ ಧೈರ್ಯ ಬರಲಿಲ್ಲ. ಇಟ್ಟ ಗ್ಲಾಸನ್ನು ವಾಪಸು ತೆಗೆಯುವುದೆಂದರೆ ಮನುಷ್ಯನಿಗೆ ಉಗಿದ ಹಾಗೆ.

ಲೋರ್ಕನ್ ಗ್ಲಾಸುಗಳನ್ನೇ ನೋಡುತ್ತಿದ್ದ. ಡಿಂಪ್ನಾಳ ಕೈಯನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಅವಳು ಮೇರಿ ಮಾತೆಯನ್ನು ನೆನೆಯಲು ಹೋದರೆ ಪ್ರಾರ್ಥನೆಯ ಮೊದಲ ಪದವೇ ಬರಲಿಲ್ಲ.

"ಕರೆ ನಂದು" ಎಂದ ಲೋರ್ಕನ್ ಕೊನೆಗೆ. ಎಡಗೈಯಿಂದ ಮೊದಲ ಗ್ಲಾಸನ್ನು ಮುಂದಕ್ಕೆ ತಳ್ಳಿದ. "ಮ್ಯಾಲಕಿ. ಹುಟ್ಟಿದಾಗಿಂದ ನಮ್ಮ ಹಾಡು ಪುಕ್ಕಟೆ ಕೇಳಿದೀಯ. ಗಂಟಲು ಒದ್ದೆ ಮಾಡ್ಕೊಂಡು ಹಾಡು."

ಮ್ಯಾಲಕಿ ಹಾಡಿದವನಲ್ಲ, ಅವನಪ್ಪನೂ ಹಾಡಿದವನಲ್ಲ. ಆದರೆ ಕರೆ ಕರೆಯೇ. ಗ್ಲಾಸು ಎತ್ತಿ ಗಟಗಟ ಕುಡಿದು, ಕುದುರೆ ಜಾತ್ರೆಯ ಪೋಲಿ ಹಾಡೊಂದನ್ನು ರಾಗವಿಲ್ಲದೆ ಒದರಿದ. ಮುಗಿಸಿ, ಬೆವರೊರೆಸಿಕೊಂಡು, ಎರಡನೆಯ ಗ್ಲಾಸನ್ನು ಎತ್ತಿ ಕ್ಯಾಮೆರಾದ ಹತ್ತಿರ ಒಯ್ದ.

"ಕರೆ ನಂದು. ಈ ಡಬ್ಲಿನ್ ಹುಡುಗಿ."

"ಅಯ್ಯೋ, ನಾನು ಕೆಲಸದಲ್ಲಿದೀನಿ!" ಎಂದಳು ಓರ್ಲಾ.

"ಮ್ಯಾಲಕಿನೂ ಕೆಲಸದಲ್ಲೇ ಇದ್ದ" ಎಂದ ಪಾಜೋ.

ಓರ್ಲಾ ಒಮ್ಮೆ ಲೋರ್ಕನ್ ಕಡೆ, ಅವನ ಮುಂದಿದ್ದ ಕೊನೆಯ ಗ್ಲಾಸಿನ ಕಡೆ ನೋಡಿದಳು. ಬೇಗ ಬೇಗ ಕುಡಿದು, ಒಂದನೆಯ ತರಗತಿಯಲ್ಲಿ ಕಲಿತ ಬಾತುಕೋಳಿಯ ಹಾಡನ್ನು ಐರಿಷಿನಲ್ಲಿ, ಅರ್ಧ ತಪ್ಪು ಅರ್ಧ ಸರಿ, ತನ್ನದೇ ಕ್ಯಾಮೆರಾದ ಎದುರು ಹಾಡಿದಳು. ಆಮೇಲೆ ತಾನೇ ಬಂದು ಮೂರನೆಯ ಗ್ಲಾಸನ್ನು ಎತ್ತಿ ಪಾಜೋನ ಕೈಯಲ್ಲಿಟ್ಟಳು.

"ಕರೆ ನಂದು" ಎಂದಳು.

"ಹಾಗಾದ್ರೆ ಇನ್ನೊಂದು ದೋಣಿ ಮುಳುಗಿಸ್ತೀನಿ" ಎಂದ ಪಾಜೋ. ಊರು ಬಿದ್ದು ಬಿದ್ದು ನಕ್ಕಿತು. ಲೋರ್ಕನ್ ಮುಂದಿನ ಮೇಜು ಖಾಲಿಯಾಗಿತ್ತು.

ಆ ದೋಣಿ ಮುಳುಗುವ ಮೊದಲೇ ಅಕ್ಕ ತಮ್ಮ ಎದ್ದು ಹೊರಗೆ ಬಂದರು. ತಣ್ಣನೆಯ ಬಿಸಿಲಿತ್ತು. ತಾವಿಬ್ಬರು ಮುದುಕರು ಕೈ ಕೈ ಹಿಡಿದು ಊರ ನಡುವೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಾರೆಂದು ಡಿಂಪ್ನಾಳಿಗೆ ಗೊತ್ತಿತ್ತು. ನೋಡಲಿ ಎಂದುಕೊಂಡಳು.

ಸೇತುವೆಯ ಹತ್ತಿರ ಲೋರ್ಕನ್, "ಬೇಕು ಅನ್ನಿಸ್ತು ಕಣೇ. ಹಾಡಿದ ಮೇಲೆ ಮೊದಲಿಗಿಂತ ಜಾಸ್ತಿ" ಎಂದ.

"ಗೊತ್ತು."

"ಈಗಲೂ ಅನ್ನಿಸ್ತಿದೆ."

"ಅದೂ ಗೊತ್ತು ಕಣೋ. ನಡಿ."

ಅವಳ ಬಲಗೈ ಜೋಮು ಹಿಡಿದಿತ್ತು. ಮೆಲ್ಲಗೆ ಬಿಡಿಸಿಕೊಂಡು, ಅವನ ಆಚೆ ಬದಿಗೆ ಬಂದು, ಎಡಗೈ ಕೊಟ್ಟಳು.