ಮಂಕಾಗದ ಐದು

ನಗಬ್ಯಾಡ್ರಲಾ. ಮುದ್ಕ ಎಲ್ಲಾನೂ ಕಲ್ಸಾಕ್ತಾನೆ ಅಂತ ಮೊನ್ನೆ ನನ್ನೆದುರ್ಗೇ ಕಿಸಕ್ಕಂದ್ರಲ್ಲ, ಈಗ ಬಾಯ್ಮುಚ್ಕೊಂಡು ಕೇಳಿ. ನಿನ್ನೆ ಉಂಡಿದ್ದು ಮರ್ತೀನಿ. ಆ ಕೆಂಪು ಐದ ಮರೆಯಾಕಿಲ್ಲ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ. ಬನ್ನೂರು ರಸ್ತೇಲಿ ನಂಜೇಶ್ ಅವ್ರ ಅಕ್ಕಿ ಮಿಲ್ಲು. ಬಾಯ್ಲರ್‌ಗೆ ಬೆಂಕಿ ಆಕೋನು ನಾನು. ಪಕ್ದಲ್ಲೇ ಬತ್ತ ಬೇಯ್ಸೋ ತೊಟ್ಟಿ, ಅದ್ರ ತಾವ ಪಾಪಮ್ಮ, ನಿಮ್ಮಜ್ಜಿ ಕಣ್ರಲಾ, ಜತೆಗೆ ಇನ್ನೊಂದಷ್ಟು ಎಂಗಸ್ರು. ಒಳಗೆ ಉಗಿ ಎಷ್ಟು ಒತ್ತುತ್ತಾ ಅದೆ ಅಂತ ತೋರ್ಸಾಕೆ ಮೊದ್ಲು ಮುಳ್ಳಿನ ಮೀಟ್ರಿತ್ತು. ಅದ ಕಿತ್ತಾಕಿ, ತಾಂಡ್ಯದ ಫ್ಯಾಕ್ಟ್ರಿಯಿಂದ ಕೆಂಪು ಎಲ್‌ಇಡಿ ಬೋರ್ಡು ತಂದು ಗ್ವಾಡೆಗೆ ಏರ್ಸಿದ್ರು. ಒಂದೇ ಅಂಕಿ, ಮೊಳದುದ್ದ, ಏಳು ಗೆರೆ ಸೇರಿ ಆಗೋದು. ಅಂಕಿ ಏಳಕ್ಕೆ ಬಂದ್ರೆ ಒಲೆಯಿಂದ ಬೆಂಕಿ ಆಚೆ ಎಳೀಬೇಕು, ಅಷ್ಟೇ.

ಬೋರ್ಡು ಕೂರ್ಸಿದ ರವಿಕುಮಾರ ಒಂದು ಮಾತಂದಿದ್ದ. ಒಳ್ಗೊಂದು ಐಸಿ, ಸಾಲಾಗಿ ಕಾಲಿರೋ ಚಿಪ್, ಅದೆ, ಒಂದೊಂದು ಗೆರೆಗೂ ಕರೆಂಟ ಅಳ್ದು ಒಂದೇ ಸಮ ಕೊಡ್ತದೆ ಅಂತ. ದಿಟವೇ. ಸಂಜೆ ಊರಿನ ಬಲ್ಬೆಲ್ಲಾ ಕೆಂಡದಂಗೆ ಮಂಕಾದ್ರೂ ಇದು ಕದಲ್ತಿರ್ಲಿಲ್ಲ. ಅದ್ಕೇ ನಂಬ್ಬುಟ್ಟೊ.

ಆಯುಧಪೂಜೆ ಬಂತು. ನಂಜೇಶ್ ಬೋರ್ಡ್ಗೂ ನೀರು ಚಿಮುಕ್ಸಿ ಇಬೂತಿ ಬಳುದ್ರು. ಅಕ್ಕಿ ಲೋಡು ಓಗ್ಬೇಕಿತ್ತು, ಬೆಂಕಿ ಆರ್ಸಿರ್ಲಿಲ್ಲ. ಎಲ್ರೂ ಆಚೆ ಕುಂತು ಕಡ್ಲೆಪುರಿ ತಿಂದು ಬಂದ್ರೆ, ಬೋರ್ಡ್ನಲ್ಲಿ ಐದು.

ಆದ್ರೆ ಪೈಪು ಕಿರುಗುಟ್ತಾ ಅದೆ. ಕಾಲಡಿ ನೆಲ ಗುಂಯ್ ಅಂತದೆ.

"ಇಕಾ, ಇಲ್ನೋಡು, ತೊಟ್ಟಿ ಅದುರ್ತದೆ," ಅಂದ್ಲು ಪಾಪಮ್ಮ.

"ಐದು ಕಾಣಾಕಿಲ್ವಾ ಪಾಪಮ್ಮ? ಕಡ್ಲೆಪುರಿ ಜಾಸ್ತಿಯಾಗಿ ನಿನ್ ಹೊಟ್ಟೆ ಅದುರ್ತಾ ಇರ್ಬೇಕು," ಅಂತ ನಂಜೇಶ್ ನಕ್ರು. "ಬೆಂಕಿ ಹಾಕು ದೊಡ್ಡಮಾದಯ್ಯ."

ಸಲಿಕೆ ಎತ್ಕೊಂಡೆ. ಕೈಯೇ ಬರಾಕಿಲ್ಲ. "ಒಸಿ ಉಗಿ ಬುಡ್ತೀನಿ ಸಾ," ಅಂತ ವಾಲ್ವು ತಿರುವ್ದೆ. ಬುಸ್ ಅಂತು. ಮೇಲ್ನೋಡ್ತೀನಿ, ಐದು ಓಗಿ ಆರಾಯ್ತು.

ಉಗಿ ಬುಟ್ರೆ ಏರ್ತದಾ ಎಲ್ಲಾರ? ಚಡ್ಡಿ ನೆಂದೋಯ್ತು ಕಣ್ರಲಾ, ನಾಚ್ಕೆ ಏನದೆ. "ಓಡ್ರವ್ವಾ!" ಅಂತ ಕಿರುಚ್ದೆ. ಎಂಗಸ್ರೆಲ್ಲಾ ಓಡುದ್ರು. ಪಾಪಮ್ಮ ಮಾತ್ರ ನನ್ ಅಂಗಿ ಇಡ್ಕೊಂಡು ಎಳೀತಾವ್ಳೆ.

"ಬುಡೇ, ಇದ ಪೂರ್ತಿ ತಿರುವ್ಬೇಕು!"

"ನೀನ್ ಬರ್ದೆ ನಾನ್ ಓಗಾಕಿಲ್ಲ!"

ಪೂರ್ತಿ ತಿರುವಿದ್ಮೇಲೆ ಆರೂ ಓಯ್ತು. ತಲೆ ಮೇಲೊಂದು ಅಡ್ಡಗೆರೆ, ಕೆಳಗೆ ಬಲಕ್ಕೊಂದು ನಿಂತ ಗೆರೆ, ನಡುವೆ ಕತ್ಲೆ. ಬಲಗಡೆ ಮೇಲಿನ ಗೆರೆ ಇಲ್ದಿರೋ ಏಳು ಅದು. ಆ ಗೆರೆ ಸೇರ್ಸಿ ನೋಡುದ್ರೆ ಆಗ ಕಂಡ ಆರು ಎಂಟು. ಐದು ಅಂತಿದ್ದದ್ದು ಒಂಬತ್ತು.

ನಂಜೇಶ್ ಗ್ವಾಡೆಗೊರಗಿ ಕುಂತ್ಬುಟ್ರು. ರವಿಕುಮಾರ ಬಂದು ಬಿಚ್ಚಿದ. ಪೂಜೆ ನೀರು ಇಳ್ದು, ಆ ಗೆರೆಗೆ ಕರೆಂಟ್ ಕೊಡೋ ಐಸೀ ಕಾಲು ಸತ್ತಿತ್ತು. ಮಿಕ್ಕಿದ್ ಗೆರೆಗಳು ಒಂಚೂರೂ ಮಂಕಾಗಿರ್ಲಿಲ್ಲ.

ನಿಮ್ಮಜ್ಜಿ ಟೀವಿ ಮೂಲೇಲಿರೋ ಕೆಂಪು ದೀಪದ ಮೇಲೆ ಬಟ್ಟೆ ಮುಚ್ಚೇ ಮಲಗೋದು, ನೋಡಿದ್ದೀರಲ್ಲ.

ನಮ್ ರಾಹುಲ್ ತಾಂಡ್ಯದಲ್ಲಿ ಬೋರ್ಡ್ ಕಂಪ್ನಿ ಸೇರವ್ನೆ. ಮೊಬೈಲ್ನಲ್ಲಿ ತುಂಬ್ಕೊಂಡಿರೋ ಈ ಮಾತ ಅವ್ನಿಗೆ ಕಳ್ಸಿ. ಡಬ್ಬ ಮುಚ್ಚೋಕ್ಮುಂಚೆ ಒಂದ್ಸಲ ಎಂಟು ಉರ್ಸಿ, ಏಳು ಗೆರೆನೂ ಉರೀತದಾ ನೋಡ್ಲಾ ಅಂದ ತಾತ, ಅನ್ನಿ.